ಬೆಂಗಳೂರಿನಲ್ಲಿ ಬಾಡಿಗೆ ಮನೆ: ದಾವಣಗೆರೆಯಿಂದ ಹೊರಡುವ ಮೊದಲು ಹಾಕಬೇಕಾದ ಲೆಕ್ಕ

ಅಂತಿಮ ವರ್ಷದ ಪರೀಕ್ಷೆಗಳು ಮುಗಿಯುವ ಹೊತ್ತಿಗೆ ದಾವಣಗೆರೆಯ ಬಹಳಷ್ಟು ಮನೆಗಳಲ್ಲಿ ಒಂದೇ ಚಿಂತೆ. ಬಿಐಇಟಿಯಲ್ಲೋ ಯುಬಿಡಿಟಿಯಲ್ಲೋ ಎಂಜಿನಿಯರಿಂಗ್ ಓದಿದ ಮಗನಿಗೆ, ಪದವಿ ಮುಗಿಸಿದ ಮಗಳಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿರುತ್ತದೆ. ಸೇರುವ ದಿನಕ್ಕೆ ಎರಡು ಮೂರು ವಾರ ಉಳಿದಿರುತ್ತದೆ. ಉಳಿಯಲು ಮನೆ ಮಾತ್ರ ಸಿಕ್ಕಿರುವುದಿಲ್ಲ. ಈ ನಡುವೆ ಮೊಬೈಲ್‌ಗೆ ಒಂದು ಸಂದೇಶ ಬರುತ್ತದೆ: ‘ಹೊಸ ಕಾನೂನು ಬಂದಿದೆ, ಮಾಲೀಕರು ಇನ್ನು ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲ.’ ಅಷ್ಟೇ ಹಣ ಹೊಂದಿಸಿಕೊಂಡು ಹೋದವರಿಗೆ ಅಲ್ಲಿ ಆರು ತಿಂಗಳ, ಹತ್ತು ತಿಂಗಳ ಅಡ್ವಾನ್ಸಿನ ಮಾತು ಎದುರಾಗುತ್ತದೆ.

ಕಡಿಮೆ ಬಾಡಿಗೆಯ ಮನೆ ಮತ್ತು ಕಡಿಮೆ ಖರ್ಚಿನ ಮನೆ ಒಂದೇ ಆಗಿರಬೇಕಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಮನೆ ಹಿಡಿದವರು ವರ್ಷವಿಡೀ ಅದರ ಬೆಲೆ ತೆರುತ್ತಾರೆ. ಮೊದಲು ಸಂದೇಶದ ವಿಚಾರ ಮುಗಿಸಿ, ಆಮೇಲೆ ಲೆಕ್ಕಕ್ಕೆ ಬರೋಣ.

ಎರಡು ತಿಂಗಳ ಅಡ್ವಾನ್ಸ್: ಸಂದೇಶದಲ್ಲಿ ನಿಜ ಎಷ್ಟು?

ಸಂದೇಶದ ಮೂಲ ಸುಳ್ಳಲ್ಲ. ಕೇಂದ್ರ ಸಚಿವ ಸಂಪುಟ 2021ರ ಜೂನ್ 2ರಂದು ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ನೀಡಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯಬಾರದು ಎಂಬ ನಿಯಮ ಅದರಲ್ಲಿದೆ. ಆದರೆ ಮಾಲೀಕ ಮತ್ತು ಬಾಡಿಗೆದಾರರ ಸಂಬಂಧ ಸಂವಿಧಾನದ ಪ್ರಕಾರ ರಾಜ್ಯ ಪಟ್ಟಿಗೆ ಸೇರಿದ ವಿಷಯ. ಕೇಂದ್ರ ಕೊಟ್ಟಿರುವುದು ಮಾದರಿ ಮಾತ್ರ. ರಾಜ್ಯದ ವಿಧಾನಮಂಡಲ ಅದನ್ನು ತನ್ನ ಕಾನೂನನ್ನಾಗಿ ಮಾಡಿಕೊಂಡರಷ್ಟೇ ಅದಕ್ಕೆ ಬಲ. ಕರ್ನಾಟಕದಲ್ಲಿರುವುದು 1999ರ ಕರ್ನಾಟಕ ಬಾಡಿಗೆ ಕಾಯ್ದೆ.

ಆ ಕಾಯ್ದೆಯಾದರೂ ರಕ್ಷಣೆ ಕೊಡುತ್ತದೆಯೇ ಎಂದರೆ, ಬಹುತೇಕರಿಗೆ ಇಲ್ಲ. ಕಾರಣವಿಲ್ಲದೆ ಬಾಡಿಗೆದಾರರನ್ನು ಹೊರಹಾಕುವುದನ್ನು ಅದು ತಡೆಯುತ್ತದೆ, ನಿಜ. ಆದರೆ ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳನ್ನು ಅದೇ ಕಾಯ್ದೆ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಇಂದು 3,500 ರೂಪಾಯಿಗೆ ಬೆಂಗಳೂರಿನಲ್ಲಿ ಒಂದು ಕೋಣೆಯೂ ಸಿಗುವುದು ಕಷ್ಟ. ಹೀಗಾಗಿ ಹೆಚ್ಚಿನ ಮನೆಗಳಿಗೆ ಅನ್ವಯಿಸುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ನೀವು ಸಹಿ ಹಾಕುವ ಕರಾರು ಪತ್ರ. ಅಡ್ವಾನ್ಸ್ ಎಷ್ಟು, ಬಿಡುವಾಗ ಎಷ್ಟು ಕಡಿತ, ಎಷ್ಟು ದಿನ ಮೊದಲು ತಿಳಿಸಬೇಕು ಎಂಬುದೆಲ್ಲ ಆ ಪತ್ರದಲ್ಲಿ ಬರೆದಂತೆಯೇ ನಡೆಯುತ್ತದೆ. ಅದನ್ನು ಓದದೆ ಸಹಿ ಹಾಕಬಾರದು ಎಂದು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಹತ್ತು ತಿಂಗಳ ಅಡ್ವಾನ್ಸ್ ಬೆಂಗಳೂರಿನ ಹಳೆಯ ರೂಢಿ, ಕಾನೂನು ಹೇಳಿದ್ದಲ್ಲ. ಈಗ ಐದಾರು ತಿಂಗಳಿಗೆ, ಕೆಲವೆಡೆ ಮೂರು ತಿಂಗಳಿಗೆ ಒಪ್ಪುವವರಿದ್ದಾರೆ. ರೂಢಿಯಾದ್ದರಿಂದಲೇ ಚೌಕಾಶಿಗೆ ಅವಕಾಶವಿದೆ. ಮನೆ ತಿಂಗಳುಗಟ್ಟಲೆ ಖಾಲಿ ಬಿದ್ದಿದ್ದರೆ ಇನ್ನೂ ಹೆಚ್ಚು.

ಬಾಡಿಗೆಯೊಂದೇ ಖರ್ಚಲ್ಲ

ದಾವಣಗೆರೆ ಎಪಿಎಂಸಿಗೆ ಮೆಕ್ಕೆಜೋಳ ತಂದ ರೈತ ಕ್ವಿಂಟಾಲ್‌ಗೆ ಕೂಗಿದ ದರವನ್ನಷ್ಟೇ ಕೇಳಿ ಹಿಗ್ಗುವುದಿಲ್ಲ. ತೇವಾಂಶಕ್ಕೆ ಎಷ್ಟು ಕಡಿಯುತ್ತಾರೆ, ಹಮಾಲಿ ಎಷ್ಟು, ಗಾಡಿ ಬಾಡಿಗೆ ಎಷ್ಟು, ಎಲ್ಲ ಕಳೆದು ಕೈಗೆ ಬರುವುದೆಷ್ಟು ಎಂದು ಎಣಿಸುತ್ತಾನೆ. ಮನೆ ಹಿಡಿಯುವಾಗಲೂ ಅದೇ ಎಣಿಕೆ ಬೇಕು, ತಿರುಗುಮುರುಗಾಗಿ: ಹೇಳಿದ ಬಾಡಿಗೆಯ ಮೇಲೆ ಇನ್ನೇನೇನು ಸೇರಿ ಕೈಯಿಂದ ಹೋಗುವುದೆಷ್ಟು?

ಲೆಕ್ಕಕ್ಕಾಗಿ ಎರಡು ಮನೆಗಳನ್ನು ಕಲ್ಪಿಸಿಕೊಳ್ಳಿ. ಕೆಲಸ ವೈಟ್‌ಫೀಲ್ಡ್ ಕಡೆ. ಮೊದಲ ಮನೆ ತುಮಕೂರು ರಸ್ತೆಯ ದಾಸರಹಳ್ಳಿಯಲ್ಲಿ, ಬಾಡಿಗೆ 11,000, ಅಡ್ವಾನ್ಸ್ ಹತ್ತು ತಿಂಗಳದ್ದು, ಅಂದರೆ 1,10,000. ಎರಡನೆಯದು ಕಚೇರಿಗೆ ನಡೆದು ಹೋಗುವಷ್ಟು ಹತ್ತಿರ, ಬಾಡಿಗೆ 14,500, ನಿರ್ವಹಣಾ ಶುಲ್ಕ 1,000, ಅಡ್ವಾನ್ಸ್ ಐದು ತಿಂಗಳದ್ದು, ಅಂದರೆ 72,500. ಮೇಲ್ನೋಟಕ್ಕೆ ಮೊದಲ ಮನೆ 3,500 ರೂಪಾಯಿ ಅಗ್ಗ.

ಈಗ ಪ್ರಯಾಣ ಸೇರಿಸಿ. ಮೆಟ್ರೊ ದರ 2025ರ ಫೆಬ್ರುವರಿಯಲ್ಲಿ ಪರಿಷ್ಕರಣೆಯಾದಾಗ ಗರಿಷ್ಠ ಟಿಕೆಟ್ 90 ರೂಪಾಯಿ ಆಯಿತು. ದಾಸರಹಳ್ಳಿಯಿಂದ ಮೆಜೆಸ್ಟಿಕ್‌ಗೆ ಬಂದು, ಅಲ್ಲಿ ಮಾರ್ಗ ಬದಲಿಸಿ ವೈಟ್‌ಫೀಲ್ಡ್ ತಲುಪುವ ದೂರಕ್ಕೆ ಅಷ್ಟು ತೆರಬೇಕು. ಹೋಗಿ ಬರಲು 180, ತಿಂಗಳಿಗೆ 22 ದಿನವೆಂದರೆ 3,960 ರೂಪಾಯಿ. ಬಾಡಿಗೆಯ ವ್ಯತ್ಯಾಸ ಇಲ್ಲಿಗೇ ಕರಗಿಹೋಯಿತು.

ಅಡ್ವಾನ್ಸಿಗೂ ಬೆಲೆಯಿದೆ. ‘ವಾಪಸ್ ಬರುವ ಹಣ ತಾನೆ’ ಎಂದು ಅದನ್ನು ಲೆಕ್ಕದಿಂದ ಬಿಡುವವರೇ ಹೆಚ್ಚು. ಆದರೆ ಅನೇಕ ಮನೆಗಳಲ್ಲಿ ಆ ಹಣ ಬರುವುದು ಒಡವೆ ಅಡವಿಟ್ಟು ಅಥವಾ ಕೈಸಾಲ ಮಾಡಿ. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿಯೆಂದು ಹಿಡಿದರೆ ಮೊದಲ ಮನೆಯ ಅಡ್ವಾನ್ಸಿಗೆ ತಿಂಗಳಿಗೆ 1,100, ಎರಡನೆಯದಕ್ಕೆ 725 ರೂಪಾಯಿ. ಒಟ್ಟು ಕೂಡಿಸಿ: ಮೊದಲ ಮನೆಗೆ 16,060, ಎರಡನೆಯದಕ್ಕೆ 16,225. ವ್ಯತ್ಯಾಸ 165 ರೂಪಾಯಿ. ಅದನ್ನು ಉಳಿಸಲು ದಿನಕ್ಕೆ ಸುಮಾರು ಮೂರು ಗಂಟೆ ರೈಲಿನಲ್ಲಿ ಮತ್ತು ದಾರಿಯಲ್ಲಿ ಕಳೆಯಬೇಕು. ಬಡ್ಡಿ ನೂರಕ್ಕೆ ಎರಡು ರೂಪಾಯಿಯಾದರೆ ಲೆಕ್ಕವೇ ಮಗುಚುತ್ತದೆ: ಮೊದಲ ಮನೆಗೆ 17,160, ಎರಡನೆಯದಕ್ಕೆ 16,950. ಬಾಡಿಗೆ ಕಡಿಮೆಯೆಂದು ಹಿಡಿದ ಮನೆಯೇ ತುಟ್ಟಿ.

ಮೇಲಿನ ಬಾಡಿಗೆಗಳು ಉದಾಹರಣೆಗೆ ಹಿಡಿದವು. ನಿಮ್ಮ ಅಂಕಿಗಳನ್ನು ಹಾಕಿ ಕೂಡಿಸಿದರೆ ಉತ್ತರ ಬೇರೆ ಬರಬಹುದು. ವಾರಕ್ಕೆ ಎರಡು ದಿನ ಮಾತ್ರ ಕಚೇರಿಗೆ ಹೋಗುವವರಿಗೆ ದೂರದ ಮನೆಯೇ ಲಾಭ. ಶಕ್ತಿ ಯೋಜನೆಯಡಿ 2023ರ ಜೂನ್ 11ರಿಂದ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಇಲ್ಲ. ಹೆಣ್ಣುಮಕ್ಕಳ ಲೆಕ್ಕದಲ್ಲಿ ಪ್ರಯಾಣದ ಸಾಲು ಸೊನ್ನೆಯಾಗಬಹುದು, ಸಮಯ ಮಾತ್ರ ಹೆಚ್ಚುತ್ತದೆ.

ಇನ್ನೂ ಎರಡು ಬಾಬ್ತುಗಳಿವೆ. ದಲ್ಲಾಳಿಯ ಮೂಲಕ ಹೋದರೆ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ಕಮಿಷನ್. ಮನೆ ಬಿಡುವಾಗ ಬಣ್ಣದ ಹೆಸರಿನಲ್ಲಿ ಇನ್ನೊಂದು ತಿಂಗಳ ಬಾಡಿಗೆ ಕಡಿತ. ಹನ್ನೊಂದು ತಿಂಗಳಿಗೇ ಮನೆ ಬದಲಿಸುವವರು ಹೀಗೆ ಹದಿಮೂರು ತಿಂಗಳ ಬಾಡಿಗೆ ತೆತ್ತಿರುತ್ತಾರೆ. ಪದೇ ಪದೇ ಮನೆ ಬದಲಿಸುವುದಕ್ಕಿಂತ ದುಬಾರಿಯಾದದ್ದು ಇನ್ನೊಂದಿಲ್ಲ.

ಎಲ್ಲಿ ಹುಡುಕಬೇಕು?

ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್. ರಾಷ್ಟ್ರೀಯ ಹೆದ್ದಾರಿ 48 ನೆಲಮಂಗಲ ದಾಟಿ ತುಮಕೂರು ರಸ್ತೆಯಾಗಿ ನಗರ ಸೇರುತ್ತದೆ. ನಮ್ಮ ಕಡೆಯ ರೈಲುಗಳೂ ಯಶವಂತಪುರದ ಮೂಲಕವೇ ಹೋಗುತ್ತವೆ. ನಾಗಸಂದ್ರ, ದಾಸರಹಳ್ಳಿ, ಪೀಣ್ಯ, ಯಶವಂತಪುರದ ಸಾಲಿನಲ್ಲಿ ಮನೆ ನೋಡುವ ರೂಢಿ ಅಲ್ಲಿಂದ ಬಂದದ್ದು. ಶನಿವಾರ ಊರಿಗೆ ಹೊರಡುವುದು ಸುಲಭ, ಪರಿಚಯದವರೂ ಅಕ್ಕಪಕ್ಕ ಇರುತ್ತಾರೆ. ಇದು ಸಣ್ಣ ಅನುಕೂಲವಲ್ಲ. ಆದರೆ ಊರಿಗೆ ಹೋಗುವುದು ತಿಂಗಳಿಗೆ ಒಂದೆರಡು ಸಲ, ಕಚೇರಿಗೆ ಹೋಗುವುದು ಪ್ರತಿದಿನ. ಮೊದಲು ಕಚೇರಿಯ ಜಾಗ ಗುರುತಿಸಿ, ಅದಕ್ಕೆ ಹತ್ತಿರದ ಮೆಟ್ರೊ ಮಾರ್ಗ ಯಾವುದೆಂದು ನೋಡುವುದು ಲೇಸು.

ಹಸಿರು ಮಾರ್ಗ ಮಾದಾವರದಿಂದ ತುಮಕೂರು ರಸ್ತೆಯುದ್ದಕ್ಕೂ ಬಂದು, ಯಶವಂತಪುರ, ಮೆಜೆಸ್ಟಿಕ್, ಜಯನಗರ ದಾಟಿ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆಯವರೆಗೆ ಹೋಗುತ್ತದೆ. ನೇರಳೆ ಮಾರ್ಗ ಕೆಂಗೇರಿಯಾಚೆಯ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ. 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರ ಮುಟ್ಟುತ್ತದೆ. ಹೀಗಾಗಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸವಿದ್ದವರು ಅಲ್ಲೇ ಮನೆ ಹಿಡಿಯಬೇಕೆಂದಿಲ್ಲ. ಹಸಿರು ಮಾರ್ಗದ ದಕ್ಷಿಣದ ಬಡಾವಣೆಗಳಿಂದ ಆರ್.ವಿ. ರಸ್ತೆಯಲ್ಲಿ ರೈಲು ಬದಲಿಸಿದರೆ ಸಾಕು.

ಮೆಟ್ರೊ ನಿಲ್ದಾಣಕ್ಕೆ ತಾಗಿದ ಮನೆಗಳಿಗೆ ಬಾಡಿಗೆ ಹೆಚ್ಚು. ನಿಲ್ದಾಣದಿಂದ ಹದಿನೈದು ಇಪ್ಪತ್ತು ನಿಮಿಷ ನಡೆಯುವ ದೂರದ ಒಳಗಿನ ಅಡ್ಡರಸ್ತೆಗಳಲ್ಲಿ ಹುಡುಕುವುದು ಮೇಲು. ಇಂಥ ಮನೆಗಳ ಎಷ್ಟೋ ಮಾಲೀಕರು ಮೊಬೈಲ್ ಆ್ಯಪ್‌ಗಳಲ್ಲಿ ಜಾಹೀರಾತು ಹಾಕುವುದಿಲ್ಲ. ಗೇಟಿಗೆ ‘ಮನೆ ಬಾಡಿಗೆಗೆ ಇದೆ’ ಎಂಬ ಫಲಕ ತೂಗುಹಾಕಿರುತ್ತಾರೆ. ಬಡಾವಣೆಯ ದಿನಸಿ ಅಂಗಡಿಯವರಿಗೆ, ಇಸ್ತ್ರಿ ಅಂಗಡಿಯವರಿಗೆ ಯಾವ ಮನೆ ಖಾಲಿಯಾಗುತ್ತಿದೆ ಎಂಬುದು ದಲ್ಲಾಳಿಗಿಂತ ಮೊದಲೇ ಗೊತ್ತಿರುತ್ತದೆ. ಅವರನ್ನು ಕೇಳಲು ಸಂಕೋಚ ಬೇಡ.

ದೂರದಿಂದ ಕುಳಿತು ಮನೆ ಗೊತ್ತು ಮಾಡುವ ಆತುರಕ್ಕಿಂತ, ಮೊದಲ ಒಂದು ತಿಂಗಳು ಕಚೇರಿಯ ಬಳಿ ಪಿಜಿಯಲ್ಲಿ (ಪೇಯಿಂಗ್ ಗೆಸ್ಟ್ ವಸತಿ) ಉಳಿದು, ವಾರಾಂತ್ಯದಲ್ಲಿ ಬಡಾವಣೆಗಳನ್ನು ಕಾಲ್ನಡಿಗೆಯಲ್ಲಿ ನೋಡುವುದು ಒಳ್ಳೆಯದು. ಪಿಜಿಗೆ ಅಡ್ವಾನ್ಸ್ ಕಡಿಮೆ, ಪಾತ್ರೆ ಪಗಡೆ ಬೇಕಿಲ್ಲ. ಇಬ್ಬರು ಮೂವರು ಸ್ನೇಹಿತರು ಸೇರಿ ಎರಡು ಕೋಣೆಯ ಮನೆ ಹಿಡಿದರೆ ತಲಾ ಖರ್ಚು ಬಹುಮಟ್ಟಿಗೆ ಇಳಿಯುತ್ತದೆ. ಆದರೆ ಮದುವೆಯಾಗದವರಿಗೆ ಕೊಡುವುದಿಲ್ಲ, ಮಾಂಸಾಹಾರಿಗಳಿಗೆ ಕೊಡುವುದಿಲ್ಲ ಎನ್ನುವವರಿದ್ದಾರೆ. ಹೆಸರು, ಜಾತಿ, ಧರ್ಮ ಕೇಳಿ ಬಾಗಿಲು ಮುಚ್ಚುವವರೂ ಇದ್ದಾರೆ. ಮಕ್ಕಳನ್ನು ಕಳುಹಿಸುವ ತಂದೆತಾಯಿಗೆ ಇದು ತಿಳಿದಿರಬೇಕು. ಹತ್ತು ಕಡೆ ತಿರುಗಿಯೂ ಮನೆ ಸಿಗದಿದ್ದಾಗ ತಪ್ಪು ಮಕ್ಕಳದ್ದೆಂದು ಗದರಿಸುವುದು ಅನ್ಯಾಯ.

ಮನೆ ನೋಡುವಾಗ ಕೇಳಬೇಕಾದದ್ದು

ಮೊದಲ ಪ್ರಶ್ನೆ ನೀರಿನದು. ತುಂಗಭದ್ರೆ ಮತ್ತು ಭದ್ರಾ ನಾಲೆಯ ನೀರಿನಲ್ಲಿ ಬೆಳೆದ ನಮಗೆ ಮನೆ ನೋಡುವಾಗ ಅದು ಹೊಳೆಯುವುದೇ ಇಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ನೀರಿನ ದರಕ್ಕೆ ಜಿಲ್ಲಾಡಳಿತವೇ ಮಿತಿ ಹೇರಬೇಕಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಆರಂಭವಾಗಿ, ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ವ್ಯವಸ್ಥೆಯಾಯಿತು. ಆದರೂ ನೀವು ನೋಡುತ್ತಿರುವ ಕಟ್ಟಡಕ್ಕೆ ಕಾವೇರಿ ಸಂಪರ್ಕ ಇದೆಯೇ ಎಂಬುದು ಬೇರೆ ಪ್ರಶ್ನೆ. ವಾರಕ್ಕೆ ಎಷ್ಟು ದಿನ ಬರುತ್ತದೆ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸುತ್ತಾರೆಯೇ, ಅದರ ಹಣ ಯಾರದ್ದು ಎಂದು ಕೇಳಿ. ಮಾಲೀಕರ ಉತ್ತರದ ಜೊತೆಗೆ ಪಕ್ಕದ ಮನೆಯವರ ಉತ್ತರವನ್ನೂ ಪಡೆಯಿರಿ.

ಎರಡನೆಯದು ವಿದ್ಯುತ್ ಮೀಟರ್. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಅನ್ವಯಿಸುತ್ತದೆ, ತಿಂಗಳಿಗೆ 200 ಯೂನಿಟ್‌ಗಳ ಮಿತಿಯೊಳಗೆ. ಅದಕ್ಕೆ ನಿಮ್ಮ ಮನೆಗೆ ಪ್ರತ್ಯೇಕ ಮೀಟರ್ ಇರಬೇಕು ಮತ್ತು ಆ ಮೀಟರಿಗೆ ನಿಮ್ಮ ಆಧಾರ್ ಜೋಡಣೆಯಾಗಬೇಕು. ಹಿಂದಿನ ಬಾಡಿಗೆದಾರರ ಆಧಾರ್ ಇನ್ನೂ ಅದಕ್ಕೆ ಅಂಟಿಕೊಂಡಿದ್ದರೆ ತೆಗೆಸಿಕೊಳ್ಳಬೇಕು. ನೀವು ಮನೆ ಬಿಡುವಾಗಲೂ ಅಷ್ಟೇ. ಒಂದೇ ಮೀಟರಿನಿಂದ ಮೂರು ನಾಲ್ಕು ಮನೆಗಳಿಗೆ ಒಳ ಮೀಟರ್ ಇಟ್ಟಿರುವ ಕಟ್ಟಡದಲ್ಲಿ ಒಟ್ಟು ಬಳಕೆ 200 ದಾಟುವುದರಿಂದ ಈ ಅನುಕೂಲ ಸಿಗುವುದಿಲ್ಲ.

ಮಾಲೀಕರ ಪ್ಯಾನ್ ಸಂಖ್ಯೆಯನ್ನೂ ಮೊದಲೇ ಕೇಳಿಟ್ಟುಕೊಳ್ಳಿ. ಹಳೆಯ ತೆರಿಗೆ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಗೆ ವಿನಾಯಿತಿ ಪಡೆಯುವವರು ವರ್ಷದ ಬಾಡಿಗೆ ಒಂದು ಲಕ್ಷ ರೂಪಾಯಿ ಮೀರಿದರೆ ಅದನ್ನು ಕಚೇರಿಗೆ ಕೊಡಬೇಕಾಗುತ್ತದೆ.

ಹನ್ನೊಂದೇ ತಿಂಗಳ ಕರಾರು ಏಕೆ?

1908ರ ನೋಂದಣಿ ಕಾಯ್ದೆಯ 17ನೇ ಕಲಂ ಪ್ರಕಾರ ಒಂದು ವರ್ಷ ಮೀರಿದ ಅವಧಿಯ ಬಾಡಿಗೆ ಕರಾರನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಅದರ ಶುಲ್ಕ ಮತ್ತು ಓಡಾಟ ತಪ್ಪಿಸಲು ಎಲ್ಲರೂ ಹನ್ನೊಂದು ತಿಂಗಳಿಗೆ ಬರೆಸುತ್ತಾರೆ. ಇದರಲ್ಲಿ ಮೋಸವಿಲ್ಲ. ಅವಧಿ ಮುಗಿದ ಮೇಲೆ ಹೊಸ ಕರಾರು ಬರೆಸದೆ ಹಾಗೆಯೇ ಮುಂದುವರಿಯುವುದರಲ್ಲಿ ಅಪಾಯವಿದೆ. ಕರಾರಿಲ್ಲದ ವಾಸದ ಬಾಡಿಗೆಯನ್ನು ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಎಂದು ಪರಿಗಣಿಸುತ್ತದೆ. ಹದಿನೈದು ದಿನಗಳ ನೋಟಿಸ್ ಕೊಟ್ಟು ಯಾವ ಕಡೆಯವರೂ ಅದನ್ನು ಮುಗಿಸಬಹುದು. ಮಕ್ಕಳನ್ನು ಶಾಲೆಗೆ ಸೇರಿಸಿರುವ ಕುಟುಂಬಕ್ಕೆ ಹದಿನೈದು ದಿನ ಏತಕ್ಕೂ ಸಾಲದು.

ಕರಾರಿನಲ್ಲಿ ಕಣ್ಣಿಟ್ಟು ಓದಬೇಕಾದ ಸಾಲುಗಳು ಕೆಲವೇ. ವರ್ಷಕ್ಕೆ ಬಾಡಿಗೆ ಶೇಕಡಾ ಎಷ್ಟು ಏರುತ್ತದೆ? ಮನೆ ಬಿಡಲು ಒಂದು ತಿಂಗಳ ಮುನ್ಸೂಚನೆಯೋ ಎರಡೋ? ‘ಲಾಕ್-ಇನ್’ ಎಂಬ ಷರತ್ತು ಇದ್ದರೆ ಆ ಅವಧಿಗೆ ಮೊದಲು ಬಿಟ್ಟವರಿಗೆ ಅಡ್ವಾನ್ಸಿನಲ್ಲಿ ಕಡಿತವಾಗುತ್ತದೆ. ಬಣ್ಣಕ್ಕೆ ಎಷ್ಟು ಮುರಿದುಕೊಳ್ಳುತ್ತಾರೆ ಎಂಬುದನ್ನು ಮೊತ್ತದಲ್ಲೇ ಬರೆಸಿ. ಎಲ್ಲಕ್ಕಿಂತ ಮುಖ್ಯ, ಕೀಲಿ ಒಪ್ಪಿಸಿದ ಎಷ್ಟು ದಿನಗಳೊಳಗೆ ಅಡ್ವಾನ್ಸ್ ಹಿಂದಿರುಗಿಸಬೇಕು ಎಂಬ ಸಾಲು. ಬಹಳಷ್ಟು ಸಿದ್ಧ ಮಾದರಿಗಳಲ್ಲಿ ಆ ಸಾಲೇ ಇರುವುದಿಲ್ಲ, ಕೇಳಿ ಸೇರಿಸಿಕೊಳ್ಳಬೇಕು.

ಭೋಗ್ಯದ ಆಸೆ

ಹಳ್ಳಿಯ ಜಮೀನು ಮಾರಿದ ಹಣವಿದ್ದ ಕುಟುಂಬಗಳಿಗೆ ‘ಲೀಸ್’ ಬಹಳ ಆಕರ್ಷಕ. ಒಮ್ಮೆಗೆ ಹತ್ತು ಹದಿನೈದು ಲಕ್ಷ ಕೊಟ್ಟರೆ ಎರಡು ಮೂರು ವರ್ಷ ಬಾಡಿಗೆಯಿಲ್ಲ, ಕೊನೆಗೆ ಪೂರ್ತಿ ಹಣ ವಾಪಸ್. ನಮ್ಮ ಹಿರಿಯರು ಇದನ್ನೇ ಭೋಗ್ಯ ಎನ್ನುತ್ತಿದ್ದರು. ಮಾಲೀಕ ಪ್ರಾಮಾಣಿಕನಾಗಿ, ಆಸ್ತಿಯ ಮೇಲೆ ಬೇರೆ ಸಾಲವಿಲ್ಲದಿದ್ದರೆ ಇದು ನಿಜಕ್ಕೂ ಅಗ್ಗ.

ಕಾನೂನಿನ ದೃಷ್ಟಿಯಲ್ಲಿ ಭೋಗ್ಯವೆಂದರೆ ಅಡಮಾನ, ಅದು ನೋಂದಣಿಯಾಗಬೇಕು. ನಡೆಯುತ್ತಿರುವುದು ಬೇರೆ: ಛಾಪಾ ಕಾಗದದ ಮೇಲೆ ಹನ್ನೊಂದು ತಿಂಗಳ ಕರಾರು ಬರೆಸಿ ಲಕ್ಷಗಟ್ಟಲೆ ಹಣ ಕೈ ಬದಲಾಯಿಸುತ್ತದೆ. ಅದೇ ಕಟ್ಟಡವನ್ನು ಮಾಲೀಕರು ಮೊದಲೇ ಬ್ಯಾಂಕಿಗೆ ಅಡವಿಟ್ಟು, ಕಂತು ಕಟ್ಟದೆ ನಿಲ್ಲಿಸಿದರೆ, 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕ್ ಕಟ್ಟಡವನ್ನು ವಶಕ್ಕೆ ಪಡೆಯಬಹುದು. ಬ್ಯಾಂಕಿನವರು ಬಾಗಿಲಿಗೆ ನೋಟಿಸ್ ಅಂಟಿಸಿದ ದಿನವೇ ಸಾಲದ ವಿಷಯ ತಿಳಿದ ಕುಟುಂಬಗಳಿವೆ. ಇನ್ನೊಂದು ಬಗೆಯ ವಂಚನೆಯಲ್ಲಿ ಮಧ್ಯವರ್ತಿಯು ಮಾಲೀಕರಿಂದ ಮನೆಯನ್ನು ತಿಂಗಳ ಬಾಡಿಗೆಗೆ ಪಡೆದು, ಅದನ್ನೇ ನಿಮಗೆ ಲೀಸಿಗೆ ಕೊಟ್ಟು, ಕೆಲವು ತಿಂಗಳು ಬಾಡಿಗೆ ಕಟ್ಟಿ ಮಾಯವಾಗುತ್ತಾನೆ.

ಆದ್ದರಿಂದ ಹಣವನ್ನು ಆಸ್ತಿಯ ಖಾತಾ ದಾಖಲೆಯಲ್ಲಿ ಹೆಸರಿರುವ ಮಾಲೀಕರ ಬ್ಯಾಂಕ್ ಖಾತೆಗೇ ನೇರವಾಗಿ ಕಳುಹಿಸಿ. ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದಲ್ಲಿ ಋಣಭಾರ ಪ್ರಮಾಣಪತ್ರ (ಇಸಿ) ತೆಗೆಸಿ ನೋಡಿ. ಹಕ್ಕುಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಪಡೆದ ಸಾಲ ಅದರಲ್ಲಿ ಕಾಣದೇ ಇರಬಹುದಾದ್ದರಿಂದ ಮೂಲ ಪತ್ರಗಳನ್ನು ತೋರಿಸಲು ಕೇಳಿ. ಮೂಲ ಪತ್ರ ತೋರಿಸಲು ಹಿಂಜರಿದರೆ ಆ ಮನೆ ಬಿಡಿ.

ನೋಡದ ಮನೆಗೆ ಹಣ ಕಳುಹಿಸಬೇಡಿ

ದಾವಣಗೆರೆಯಲ್ಲಿ ಕುಳಿತು ಬೆಂಗಳೂರಿನ ಮನೆ ಹುಡುಕುವವರು ವಂಚಕರಿಗೆ ಸುಲಭದ ತುತ್ತು. ಚಂದದ ಚಿತ್ರಗಳು, ನಂಬಲಾಗದಷ್ಟು ಕಡಿಮೆ ಬಾಡಿಗೆ, ಸೇನೆಯಲ್ಲಿದ್ದೇನೆ ಎನ್ನುವ ಮಾಲೀಕ, ಮನೆ ನೋಡಲು ಗೇಟ್ ಪಾಸಿಗೆಂದು ಮೊದಲೇ ಒಂದಿಷ್ಟು ಹಣ. ಹಣ ಹಿಂದಿರುಗಿಸುತ್ತೇವೆ ಎಂದು ಕ್ಯೂಆರ್ ಕೋಡ್ ಕಳುಹಿಸಿ ಯುಪಿಐ ಪಿನ್ ಒತ್ತಲು ಹೇಳುತ್ತಾರೆ. ಹಣ ಪಡೆಯಲು ಎಂದಿಗೂ ಪಿನ್ ಬೇಕಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ. ಮೋಸವಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಕುಗ್ಗುತ್ತದೆ.

ಅಡ್ವಾನ್ಸ್ ವಾಪಸ್ ಬರದಿದ್ದರೆ

ಇದಕ್ಕೆ ಸಿದ್ಧತೆ ಮನೆ ಸೇರುವ ದಿನವೇ ಶುರುವಾಗಬೇಕು. ಪ್ರತಿ ಕೋಣೆ, ನಲ್ಲಿ, ಗೋಡೆಯ ಬಿರುಕು, ಹಿಂದಿನವರು ಹೊಡೆದ ಮೊಳೆಗಳ ಚಿತ್ರ ತೆಗೆದು ಅಂದೇ ಮಾಲೀಕರಿಗೆ ಕಳುಹಿಸಿ. ಬಾಡಿಗೆಯನ್ನು ನಗದಾಗಿ ಕೊಡದೆ ಖಾತೆಗೆ ಹಾಕಿ. ಬಿಡುವ ಮುನ್ಸೂಚನೆಯನ್ನು ಬಾಯಿಮಾತಿನಲ್ಲಿ ಮುಗಿಸದೆ ಬರೆದು ಕಳುಹಿಸಿ. ‘ಕೊನೆಯ ತಿಂಗಳುಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳಿ’ ಎಂಬ ಒಪ್ಪಂದಕ್ಕೆ ಮಾಲೀಕರು ಒಪ್ಪಿದರೆ, ಅದನ್ನೂ ಬರಹದಲ್ಲಿ ಪಡೆಯಿರಿ. ಅವರ ಬಳಿ ಉಳಿಯುವ ಮೊತ್ತ ಕಡಿಮೆಯಾದಷ್ಟೂ ಜಗಳವೂ ಕಡಿಮೆ.

ಇಷ್ಟಾಗಿಯೂ ಕೊಡದಿದ್ದರೆ ವಕೀಲರ ಮೂಲಕ ನೋಟಿಸ್ ಮೊದಲ ಹೆಜ್ಜೆ. ಅನೇಕ ಪ್ರಕರಣಗಳು ಅಲ್ಲಿಗೇ ಇತ್ಯರ್ಥವಾಗುತ್ತವೆ. ಹಣ ವಸೂಲಿಯ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿ ಇದೆ. ವಕೀಲರಿಗೆ ಕೊಡಲು ಹಣವಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ತಮ್ಮ ಆದಾಯ ಎಷ್ಟೇ ಇದ್ದರೂ ಉಚಿತ ನೆರವಿಗೆ ಅರ್ಹರು. ಉಳಿದವರಿಗೆ ಆದಾಯದ ಮಿತಿಯಿದೆ. ದಾವೆ ನಡೆಯುವುದು ಬೆಂಗಳೂರಿನಲ್ಲೇ ಆದರೂ ಸಲಹೆಗಾಗಿ ದಾವಣಗೆರೆಯ ಪ್ರಾಧಿಕಾರವನ್ನು ಸಂಪರ್ಕಿಸಬಹುದು. ರಾಷ್ಟ್ರೀಯ ಕಾನೂನು ಸೇವಾ ಸಹಾಯವಾಣಿಯ ಸಂಖ್ಯೆ 15100. ನ್ಯಾಯಾಲಯಕ್ಕೆ ಹೋಗುವ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಸುವಂತೆ ಪ್ರಾಧಿಕಾರಕ್ಕೇ ಅರ್ಜಿ ಕೊಡಬಹುದು.